‘ಅನಗತ್ಯವಾಗಿ’ ಎಂಬ ಒಂದು ಪದ

2020ರ ಮಾರ್ಚ್ ಕೊನೆಯ ವಾರ ನನಗೊಂದು ಅನುವಾದದ ಕೆಲಸ ಬಂತು. ಎರಡು ಪುಟದ ಇಂಗ್ಲಿಷ್ ಕರಪತ್ರ, ಸಂಜೆಯೊಳಗೆ ಕನ್ನಡಕ್ಕೆ ಬೇಕು. ಲಾಕ್‌ಡೌನ್ ಶುರುವಾಗಿ ಮೂರು ದಿನವೂ ಆಗಿರಲಿಲ್ಲ. ಕೈ ತೊಳೆಯುವುದು ಹೇಗೆ, ಅಂತರ ಎಷ್ಟು, ಮಾಸ್ಕ್ ಹೇಗೆ ಎಂಬ ಸಾಲುಗಳ ನಡುವೆ ಇನ್ನೊಂದು ಸಾಲಿತ್ತು. ಅದನ್ನು ನಾನು ಕನ್ನಡದಲ್ಲಿ ಹೀಗೆ ಬರೆದೆ: ‘ಅನಗತ್ಯವಾಗಿ ಆಸ್ಪತ್ರೆಗೆ ಹೋಗಬೇಡಿ.’ ಎರಡು ನಿಮಿಷವೂ ಹಿಡಿಯಲಿಲ್ಲ. ಅದಕ್ಕೆ ಬಂದ ಹಣದಲ್ಲಿ ಆ ತಿಂಗಳ ವಿದ್ಯುತ್ ಬಿಲ್ ಕಟ್ಟಿದೆ.

ಕರಪತ್ರ ಡೊಂಬಿವಲಿಯ ನಮ್ಮ ದೊಡ್ಡಪ್ಪನ ಮನೆಗೂ ತಲುಪಿತು. ಅವರ ಕಟ್ಟಡದ ಕನ್ನಡದವರ ವಾಟ್ಸ್ಆ್ಯಪ್ ಗುಂಪಿಗೆ ಯಾರೋ ಹಾಕಿದ್ದರು. ‘ನಮ್ಮ ಹುಡುಗಿ ಬರೆದದ್ದು’ ಎಂದು ದೊಡ್ಡಮ್ಮ ಅದನ್ನು ಎಲ್ಲರಿಗೂ ಕಳಿಸಿ, ತಮ್ಮ ಫೋನಿನಲ್ಲೂ ಉಳಿಸಿಕೊಂಡರು.

ಮುಂದಿನ ವರ್ಷದ ಏಪ್ರಿಲ್‌ನಲ್ಲಿ, ಎರಡನೇ ಅಲೆಯ ನಡುವೆ, ದೊಡ್ಡಪ್ಪನಿಗೆ ಕೋವಿಡ್ ಬಂತು. ನಾಲ್ಕು ದಿನ ಜ್ವರ, ಆಮೇಲೆ ಕಡಿಮೆಯಾಯಿತು. ಆಕ್ಸಿಜನ್ ಮಟ್ಟ ಇಳಿಯಲೇ ಇಲ್ಲ. ಗೆದ್ದೆವು ಎಂದುಕೊಂಡಿದ್ದ ಒಂಬತ್ತನೇ ದಿನದ ಬೆಳಿಗ್ಗೆ ಕಾಫಿ ಲೋಟ ಅವರ ಬಲಗೈಯಿಂದ ಜಾರಿತು. ಮಾತು ತೊದಲಿತು. ‘ಎಂತ ಆಯ್ಲಿಲ್ಲ ಕಾಣ್, ನಿದ್ದಿ ಇಲ್ಲ ಅಷ್ಟೇ’ ಎಂದು ಕುಂದಾಪುರದ ಕನ್ನಡದಲ್ಲಿ ಹೇಗೋ ಹೇಳಿ ಮಲಗಿದರು. ನೋವಿರಲಿಲ್ಲ. ಎದೆಯಲ್ಲಿ ಏನೂ ಇಲ್ಲ, ತಲೆನೋವೂ ಇಲ್ಲ. ಆ ವಾರ ಸುದ್ದಿಯಲ್ಲಿ ಕಾಣುತ್ತಿದ್ದದ್ದು ಆಕ್ಸಿಜನ್ ಸಿಗದೆ ಒದ್ದಾಡುವ ಜನ. ಅದರ ಎದುರು ತೊದಲುವ ಮಾತು ಯಾವ ಲೆಕ್ಕ? ಮನೆಯವರು ಕಾದರು. ಮರುದಿನ ಬೆಳಿಗ್ಗೆ ಬಲಗಾಲೂ ಏಳಲಿಲ್ಲ. ಆಗ ಹೊರಟರು. ಮೊದಲು ಹೋದ ಆಸ್ಪತ್ರೆಯಲ್ಲಿ ಕೋವಿಡ್ ವಾರ್ಡಿಗೆ ಕಳಿಸಬೇಕೋ ಬೇಡವೋ ಎಂಬ ಚರ್ಚೆಯಲ್ಲೇ ಇನ್ನೆರಡು ಗಂಟೆ ಹೋಯಿತು. ಸಿಟಿ ಸ್ಕ್ಯಾನ್ ಆಗುವ ಹೊತ್ತಿಗೆ ಲೋಟ ಜಾರಿ ಇಪ್ಪತ್ತೈದು ಗಂಟೆಯಾಗಿತ್ತು.

ನಾನು ಪುಣೆಯಿಂದ ಫೋನು ಮಾಡಿ, ನಿನ್ನೆಯೇ ಯಾಕೆ ಕರೆದೊಯ್ಯಲಿಲ್ಲ ಎಂದು ಸಿಟ್ಟಿನಲ್ಲಿ ಕೇಳಿದೆ. ದೊಡ್ಡಮ್ಮ ಜಗಳವಾಡಲಿಲ್ಲ. ‘ಸುಮ್ನೆ ಆಸ್ಪತ್ರೆಗೆ ಹೋಗ್ಬೇಡಿ ಅಂತ ನೀನೇ ಬರೆದಿದ್ಯಲ್ಲ’ ಎಂದರು. ಅವರದು ಆರೋಪವಲ್ಲ, ನಿಜವಾಗಿಯೂ ಕಾರಣ ಕೊಡುತ್ತಿದ್ದರು.

ಕೋವಿಡ್ ಮತ್ತು ಸ್ಟ್ರೋಕ್ ಬಗ್ಗೆ ಮಾತು ಬಂದಾಗಲೆಲ್ಲ ನಾವು ಒಂದೇ ಪ್ರಶ್ನೆಯ ಸುತ್ತ ಸುತ್ತುತ್ತೇವೆ: ವೈರಸ್ಸಿನಿಂದ ಬಂತೋ, ಲಸಿಕೆಯಿಂದ ಬಂತೋ? ಅದು ಕೇಳಲೇಬೇಕಾದ ಪ್ರಶ್ನೆ, ಅದಕ್ಕೆ ಸಾಕಷ್ಟು ಉತ್ತರವೂ ಇದೆ. ಆದರೆ ಆ ಕಾಲದಲ್ಲಿ ನಾವು ಕಲಿತು ಇನ್ನೂ ಬಿಡದ ಒಂದು ಅಭ್ಯಾಸ ಅದಕ್ಕಿಂತ ಹೆಚ್ಚು ಹಾನಿ ಮಾಡಿದೆ, ಈಗಲೂ ಮಾಡುತ್ತಿದೆ ಎಂಬುದು ನನ್ನ ವಾದ. ‘ಸ್ವಲ್ಪ ಕಾದು ನೋಡೋಣ’ ಎನ್ನುವ ಅಭ್ಯಾಸ. ಅದನ್ನು ಕಲಿಸಿದ್ದು ಭಾಷೆ. ಬಿಡಿಸಬೇಕಾದದ್ದೂ ಭಾಷೆಯೇ.

ವೈರಸ್ ಮಾಡಿದ್ದೆಷ್ಟು

ಮೊದಲು ಗೊತ್ತಿರುವುದನ್ನು ನೇರವಾಗಿ ಹೇಳುತ್ತೇನೆ. ಸ್ಟ್ರೋಕ್ ಎಂದರೆ ಮೆದುಳಿನ ಒಂದು ಭಾಗಕ್ಕೆ ರಕ್ತ ಹೋಗುವುದು ನಿಲ್ಲುವುದು. ಹೆಚ್ಚಿನ ಸಲ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡು ಹೀಗಾಗುತ್ತದೆ. ಉಳಿದ ಸಲ ರಕ್ತನಾಳವೇ ಒಡೆದು ಮೆದುಳಿನೊಳಗೆ ರಕ್ತ ಸೋರುತ್ತದೆ. ಕೊರೊನಾ ವೈರಸ್ ಶ್ವಾಸಕೋಶಕ್ಕೆ ಮಾತ್ರ ಅಂಟುವ ರೋಗವಲ್ಲ. ತೀವ್ರ ಸೋಂಕಿನಲ್ಲಿ ದೇಹದ ಉರಿಯೂತ ಹೆಚ್ಚುತ್ತದೆ, ರಕ್ತನಾಳಗಳ ಒಳಪದರ ಹಾಳಾಗುತ್ತದೆ, ರಕ್ತ ಬೇಗ ಹೆಪ್ಪುಗಟ್ಟುತ್ತದೆ, ಕೆಲವರಲ್ಲಿ ಹೃದಯದ ಬಡಿತವೂ ತಾಳ ತಪ್ಪುತ್ತದೆ. ಹೆಪ್ಪು ಮೆದುಳಿಗೆ ಹೋಗಲು ಇಷ್ಟು ಸಾಕು.

2020ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ವೈದ್ಯರು ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಒಂದು ಸಣ್ಣ ವರದಿ ಬರೆದರು. ಎರಡು ವಾರಗಳಲ್ಲಿ 50 ವರ್ಷದೊಳಗಿನ ಐವರು ಕೋವಿಡ್ ಸೋಂಕಿತರು ಮೆದುಳಿನ ದೊಡ್ಡ ರಕ್ತನಾಳ ಕಟ್ಟಿಕೊಂಡು ಬಂದಿದ್ದರು. ಅದರ ಹಿಂದಿನ ವರ್ಷ ಆ ವಯಸ್ಸಿನವರು ಎರಡು ವಾರಕ್ಕೆ ಸರಾಸರಿ ಒಬ್ಬರೂ ಬರುತ್ತಿರಲಿಲ್ಲ. ಈ ವರದಿ ಜಗತ್ತಿನ ಸುದ್ದಿಯಾಯಿತು. ಅದೇ ವರ್ಷ ನ್ಯೂಯಾರ್ಕಿನ ಎರಡು ಆಸ್ಪತ್ರೆಗಳ ಲೆಕ್ಕ ಬಂತು: 1,916 ಕೋವಿಡ್ ರೋಗಿಗಳಲ್ಲಿ 31 ಜನಕ್ಕೆ ಹೆಪ್ಪಿನಿಂದಾದ ಸ್ಟ್ರೋಕ್ ಆಗಿತ್ತು. ಹಿಂದಿನ ವರ್ಷಗಳ 1,486 ಇನ್‌ಫ್ಲುಯೆಂಜಾ ರೋಗಿಗಳಲ್ಲಿ ಆದದ್ದು ಮೂವರಿಗೆ. ಸ್ವೀಡನ್ನಿನಲ್ಲಿ ಸುಮಾರು 87 ಸಾವಿರ ಸೋಂಕಿತರ ದಾಖಲೆ ನೋಡಿ 2021ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬರೆದವರು, ಎಚ್ಚರದ ಲೆಕ್ಕದಲ್ಲೂ ಸೋಂಕಿನ ಮೊದಲ ವಾರ ಈ ಅಪಾಯ ಸುಮಾರು ಮೂರು ಪಟ್ಟು ಎಂದರು. ಅಮೆರಿಕದ ಮಾಜಿ ಸೈನಿಕರ ದೊಡ್ಡ ಅಧ್ಯಯನವೊಂದು 2022ರಲ್ಲಿ ಬಂತು. ಅದರ ಪ್ರಕಾರ ಒಂದು ವರ್ಷದ ಅವಧಿಯಲ್ಲಿ ಸೋಂಕಿತರಲ್ಲಿ ಪ್ರತಿ 1000 ಜನಕ್ಕೆ ಸುಮಾರು ನಾಲ್ಕು ಹೆಚ್ಚುವರಿ ಸ್ಟ್ರೋಕ್.

ಈ ಅಂಕಿಗಳನ್ನು ಎರಡೂ ಕಡೆಯಿಂದ ಓದಬೇಕು. ಮೂರು ಪಟ್ಟು ಎಂದರೆ ದೊಡ್ಡದಾಗಿ ಕೇಳುತ್ತದೆ. ಆದರೆ ಆಸ್ಪತ್ರೆಗೆ ಬಂದ 1,916 ಜನರಲ್ಲಿ 1,885 ಜನಕ್ಕೆ ಹಾಗಾಗಲಿಲ್ಲ. ಸಾವಿರಕ್ಕೆ ನಾಲ್ಕು ಎಂದರೆ ಸಣ್ಣದಾಗಿ ಕೇಳುತ್ತದೆ. ಆದರೆ ಕೋಟಿಗಟ್ಟಲೆ ಜನಕ್ಕೆ ಸೋಂಕು ತಗಲಿದ ದೇಶದಲ್ಲಿ ಇದರ ಅರ್ಧವೇ ನಿಜವಾದರೂ ಅದು ಊರು ಊರುಗಳನ್ನೇ ತುಂಬುವ ಸಂಖ್ಯೆ. ಇದು ಕೊರೊನಾದ ವಿಶೇಷವೂ ಅಲ್ಲ. ಸಾಮಾನ್ಯ ಉಸಿರಾಟದ ಸೋಂಕಿನ ನಂತರದ ಕೆಲವು ದಿನ ಸ್ಟ್ರೋಕ್ ಅಪಾಯ ಏರುತ್ತದೆ ಎಂದು ಬ್ರಿಟನ್ನಿನ ದಾಖಲೆಗಳಿಂದ 2004ರಲ್ಲೇ ತೋರಿಸಿದ್ದರು.

ಇನ್ನು ಲಸಿಕೆ. ಕೋವಿಶೀಲ್ಡ್ ಮಾದರಿಯ ಲಸಿಕೆಯಿಂದ ಪ್ಲೇಟ್‌ಲೆಟ್ ಇಳಿದು ಹೆಪ್ಪುಗಟ್ಟುವ, ಕೆಲವೊಮ್ಮೆ ಮೆದುಳಿನ ಅಭಿಧಮನಿಯಲ್ಲೇ ಹೆಪ್ಪಾಗುವ ತೊಂದರೆ ನಿಜ. ಅದು ಅತ್ಯಂತ ಅಪರೂಪವೆಂಬುದೂ ನಿಜ. ಇಂಗ್ಲೆಂಡಿನಲ್ಲಿ ಲಕ್ಷಾಂತರ ಜನರ ದಾಖಲೆ ಹೋಲಿಸಿದಾಗ, ಲಸಿಕೆಯ ನಂತರಕ್ಕಿಂತ ಸೋಂಕಿನ ನಂತರವೇ ಸ್ಟ್ರೋಕ್ ಅಪಾಯ ಬಹಳ ಹೆಚ್ಚಿತ್ತು. 2025ರ ಜುಲೈನಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಬಂದಾಗ ಲಸಿಕೆಯ ಮೇಲೆ ಮತ್ತೆ ಅನುಮಾನ ಎದ್ದಿತು. ಕೇಂದ್ರ ಆರೋಗ್ಯ ಸಚಿವಾಲಯ ಅದನ್ನು ತಳ್ಳಿಹಾಕಿತು. ಆ ದಿನಗಳಲ್ಲಿ ನನ್ನ ಫೋನಿಗೆ ಬಂದ ಕನ್ನಡ ಸಂದೇಶಗಳನ್ನೆಲ್ಲ ಓದಿದೆ. ಯಾರನ್ನು ದೂರಬೇಕು ಎಂದು ಎಲ್ಲವೂ ಹೇಳುತ್ತಿದ್ದವು. ಪಕ್ಕದಲ್ಲಿರುವವರು ಕುಸಿದರೆ ಮುಂದಿನ ಹತ್ತು ನಿಮಿಷ ಏನು ಮಾಡಬೇಕು ಎಂದು ಒಂದೂ ಹೇಳಲಿಲ್ಲ.

ದೊಡ್ಡಪ್ಪನಿಗೆ ಬಿಪಿ ಇತ್ತು, ಸಕ್ಕರೆ ಕಾಯಿಲೆ ಇತ್ತು, ನಲವತ್ತು ವರ್ಷ ಹೋಟೆಲ್ ಗಲ್ಲೆಯ ಮೇಲೆ ಕೂತ ಮೈ. ಸ್ಟ್ರೋಕ್ ಕೋವಿಡ್‌ನಿಂದಲೇ ಬಂತೇ ಎಂದು ಕೇಳಿದಾಗ ವೈದ್ಯರು, ಒಬ್ಬರ ವಿಷಯದಲ್ಲಿ ಹಾಗೆ ಹೇಳಲಾಗದು ಎಂದರು. ಆದರೆ ಇಪ್ಪತ್ತೈದು ಗಂಟೆ ತಡವಾದದ್ದು ಏನು ಮಾಡಿತು ಎಂಬ ಬಗ್ಗೆ ಅವರಿಗೆ ಅನುಮಾನವಿರಲಿಲ್ಲ.

ಭಯ ಮಾಡಿದ್ದೆಷ್ಟು

ಹೆಪ್ಪು ಕರಗಿಸುವ ಔಷಧಿ 1990ರ ದಶಕದಿಂದಲೂ ಇದೆ. ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಅದನ್ನು ಕೊಡಬೇಕು, ಬೇಗ ಕೊಟ್ಟಷ್ಟೂ ಒಳ್ಳೆಯದು. ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಆಗಲೇಬೇಕು. ಆಗಿರುವುದು ಹೆಪ್ಪಲ್ಲ, ರಕ್ತಸ್ರಾವ ಎಂದಾದರೆ ಅದೇ ಔಷಧಿ ಜೀವ ತೆಗೆದೀತು. ದೊಡ್ಡ ರಕ್ತನಾಳ ಕಟ್ಟಿದ್ದರೆ ತೊಡೆಯ ಅಥವಾ ಕೈಯ ನಾಳದ ಮೂಲಕ ತಂತಿ ಹಾಯಿಸಿ ಹೆಪ್ಪನ್ನೇ ಹೊರಗೆಳೆಯುತ್ತಾರೆ. ಆಯ್ದ ಕೆಲವರಿಗೆ ಇದನ್ನು 24 ಗಂಟೆಯವರೆಗೂ ಮಾಡಬಹುದೆಂದು 2018ರಲ್ಲಿ ಗೊತ್ತಾಯಿತು. ಆದರೆ ಕಾಯುವುದಕ್ಕೆ ಅದು ಪರವಾನಗಿಯಲ್ಲ. ದೊಡ್ಡ ರಕ್ತನಾಳ ಕಟ್ಟಿ ಚಿಕಿತ್ಸೆ ಸಿಗದಿದ್ದರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ ಎಂಬುದು 2006ರ ಒಂದು ಪ್ರಸಿದ್ಧ ಅಂದಾಜು.

ಸೋಂಕು ಹೆಚ್ಚಿದಾಗ ಸ್ಟ್ರೋಕ್ ಹೆಚ್ಚಬೇಕು, ಆಸ್ಪತ್ರೆಗೆ ಬರುವವರೂ ಹೆಚ್ಚಬೇಕು. ಆದದ್ದು ತಿರುಗುಮುರುಗು. 70 ದೇಶಗಳ 457 ಆಸ್ಪತ್ರೆಗಳ ಲೆಕ್ಕದಲ್ಲಿ 2020ರ ಮೊದಲ ಅಲೆಯ ತಿಂಗಳುಗಳಲ್ಲಿ ಸ್ಟ್ರೋಕ್ ಆಗಿ ದಾಖಲಾದವರು ಶೇ 11.5ರಷ್ಟು ಕಡಿಮೆಯಾದರು. ಹೆಪ್ಪು ಕರಗಿಸುವ ಔಷಧಿ ಪಡೆದವರು ಶೇ 13.2ರಷ್ಟು ಕಡಿಮೆಯಾದರು. ಬಾರದವರಲ್ಲಿ ಎಷ್ಟೋ ಜನ ಮನೆಯಲ್ಲೇ ಇದ್ದರು, ನಮ್ಮ ದೊಡ್ಡಪ್ಪನ ಹಾಗೆ. ನ್ಯೂಯಾರ್ಕಿನ ಆ ಐವರಲ್ಲೂ ಇಬ್ಬರು ಆಸ್ಪತ್ರೆಯ ಭಯಕ್ಕೆ ತಡ ಮಾಡಿದ್ದರು. 33 ವರ್ಷದ ಮಹಿಳೆಯೊಬ್ಬರು ಮಾತು ತೊದಲುತ್ತ, ಎಡಗೈ ಎಡಗಾಲು ಸೋಲುತ್ತ 28 ಗಂಟೆ ಕಳೆದಿದ್ದರು. ಜಗತ್ತು ಆ ವರದಿಯಲ್ಲಿ ವೈರಸ್ಸನ್ನು ಓದಿತು. ಭಯವನ್ನು ಓದಲಿಲ್ಲ.

ಆ ಭಯ ಮೂರ್ಖತನವಾಗಿರಲಿಲ್ಲ ಎಂದು ನಾನು ಒಪ್ಪುತ್ತೇನೆ. 2021ರ ಏಪ್ರಿಲ್‌ನಲ್ಲಿ ಆಸ್ಪತ್ರೆಗೆ ಹೋದರೆ ಹಾಸಿಗೆ ಸಿಗದಿರಬಹುದಿತ್ತು, ಸೋಂಕು ಸಿಗಬಹುದಿತ್ತು, ಹೋದವರ ಮುಖ ಮತ್ತೆ ಕಾಣದಿರಬಹುದಿತ್ತು. ಜನ ಲೆಕ್ಕ ಹಾಕಿಯೇ ಮನೆಯಲ್ಲಿ ಉಳಿದರು. ಲೆಕ್ಕಕ್ಕೆ ಬೇಕಾದ ಒಂದು ಮಾಹಿತಿಯನ್ನು ನಾವು ಅವರಿಗೆ ಕೊಡಲಿಲ್ಲ, ಅಷ್ಟೇ. ಆ ಕರಪತ್ರದಲ್ಲಿ ನಾನು ‘ಅನಗತ್ಯವಾಗಿ’ ಎಂದು ಬರೆದು ಮುಂದಿನ ಸಾಲಿಗೆ ಹೋದೆ. ಯಾವುದು ಅಗತ್ಯ, ಯಾವುದು ಅನಗತ್ಯ ಎಂದು ತೀರ್ಮಾನಿಸುವ ಕೆಲಸವನ್ನು ಎಪ್ಪತ್ತರ ಅಂಚಿನ ಒಬ್ಬ ಹೆಂಗಸಿನ ತಲೆಗೆ ಕಟ್ಟಿದೆ. ಆಕೆಗೆ ಗೊತ್ತಿದ್ದ ಅಳತೆಗೋಲು ನೋವು. ಈ ಕಾಯಿಲೆಗೆ ಹೆಚ್ಚಾಗಿ ನೋವೇ ಇರುವುದಿಲ್ಲ.

ಮೂಲದಲ್ಲಿ ಇಲ್ಲದ್ದನ್ನು ಅನುವಾದಕಿ ಸೇರಿಸಬಹುದೇ ಎಂದು ನನ್ನ ವೃತ್ತಿಯವರು ಕೇಳಬಹುದು. ಸೇರಿಸಲಾಗದು. ಆದರೆ ಕೆಲಸ ಕೊಟ್ಟವರಿಗೆ ಒಂದು ಪ್ರಶ್ನೆ ಬರೆದು ಕಳಿಸಬಹುದಿತ್ತು: ‘ಯಾವುದಕ್ಕೆ ಹೋಗಲೇಬೇಕು ಎಂದೂ ಹಾಕೋಣವೇ?’ ನಾನು ಕಳಿಸಲಿಲ್ಲ. ಹೊಳೆಯಲಿಲ್ಲ.

ಹೆಸರಿನ ತೊಡಕು

ಹೆಸರಿನಲ್ಲೂ ನಮಗೊಂದು ತೊಡಕಿದೆ. ಸ್ಟ್ರೋಕಿಗೆ ಕನ್ನಡದಲ್ಲಿ ಎರಡು ಹೆಸರು ಚಾಲ್ತಿಯಲ್ಲಿವೆ. ‘ಪಾರ್ಶ್ವವಾಯು’ ಸಂಸ್ಕೃತದ್ದು: ಒಂದು ಪಕ್ಕ, ಅದಕ್ಕೆ ವಾಯು. ‘ಲಕ್ವ’ ಅರಬ್ಬಿಯಿಂದ ಬಂದದ್ದು, ಮೂಲದಲ್ಲಿ ಮುಖ ಸೊಟ್ಟಗಾಗುವುದಕ್ಕೆ ಇದ್ದ ಹೆಸರು. ಎರಡೂ ಒಳ್ಳೆಯ, ಹಳೆಯ ಪದಗಳು. ಆದರೆ ಎರಡೂ ಹೇಳುವುದು ಆಗಿ ಮುಗಿದದ್ದನ್ನು. ಒಂದು ಪಕ್ಕ ಪೂರ್ತಿ ಬಿದ್ದ ಮೇಲೆ ನಾವು ‘ಲಕ್ವ ಹೊಡೆದಿದೆ’ ಎನ್ನುತ್ತೇವೆ. ಬೆಳಿಗ್ಗೆ ಜಾರಿದ ಲೋಟಕ್ಕೆ, ತೊದಲಿದ ಒಂದು ಮಾತಿಗೆ ಆ ಹೆಸರು ಅಂಟುವುದಿಲ್ಲ. ಹೆಸರು ಅಂಟುವ ಹೊತ್ತಿಗೆ ಔಷಧಿಯ ಹೊತ್ತು ಮುಗಿದಿರುತ್ತದೆ. ಮತ್ತೆ ‘ವಾಯು’ ಎಂದ ಕೂಡಲೇ ಎಣ್ಣೆ ನೆನಪಾಗುತ್ತದೆ. ಪಾರಿವಾಳದ ರಕ್ತ ಹಚ್ಚುವವರ ವಿಳಾಸ ಹುಡುಕಿ ಹೊರಡುವ ಮನೆಗಳು ಇವತ್ತೂ ಇವೆ. ಕಾಯಿಲೆ ಇರುವುದು ಕೈಯಲ್ಲಲ್ಲ, ತಲೆಯಲ್ಲಿ ಎಂದು ಎರಡು ಹೆಸರೂ ಹೇಳುವುದಿಲ್ಲ.

ಹೊಸ ಪದ ಹುಟ್ಟಿಸಬೇಕೆಂದು ನನ್ನ ಸಲಹೆಯಲ್ಲ. ‘ಸ್ಟ್ರೋಕ್’ ಈಗ ಕನ್ನಡದ್ದೇ ಪದ, ಅದೇ ಇರಲಿ. ಬೇಕಾದದ್ದು ಗುರುತಿಸುವ ಮಾತು. ಇಂಗ್ಲಿಷಿನವರು ಮುಖ, ತೋಳು, ಮಾತು, ಸಮಯ ಎಂಬ ನಾಲ್ಕು ಪದಗಳ ಮೊದಲಕ್ಷರ ಸೇರಿಸಿ ‘ಫಾಸ್ಟ್’ ಎಂಬ ಸೂತ್ರ ಮಾಡಿಕೊಂಡಿದ್ದಾರೆ. ನಮ್ಮ ಪ್ರಚಾರ ಪತ್ರಗಳಲ್ಲಿ ಹೆಚ್ಚಾಗಿ ಆ ಇಂಗ್ಲಿಷ್ ಅಕ್ಷರಗಳನ್ನು ಹಾಗೇ ಇಟ್ಟು ಪಕ್ಕದಲ್ಲಿ ಕನ್ನಡ ಅರ್ಥ ಹಾಕುತ್ತಾರೆ. ಇಂಗ್ಲಿಷ್ ಓದಲಾರದವರಿಗೆ ಅದು ಸೂತ್ರವೂ ಅಲ್ಲ, ನೆನಪೂ ಅಲ್ಲ.

ಕನ್ನಡದ ಬಲ ಬೇರೆ ಕಡೆ ಇದೆ. ನಮ್ಮಲ್ಲಿ ‘ಇಸು’ ಎಂಬ ಪ್ರತ್ಯಯವಿದೆ: ಮಾಡಿಸು, ಓದಿಸು, ಉಣ್ಣಿಸು. ಮಾಡುವವರು ಒಬ್ಬರು, ಮಾಡಿಸುವವರು ಇನ್ನೊಬ್ಬರು ಎಂದು ಒಂದೇ ಪದದಲ್ಲಿ ಹೇಳಬಹುದು. ಸ್ಟ್ರೋಕಿನಲ್ಲಿ ಬೇಕಾದದ್ದು ಇದೇ. ರೋಗಿಗೆ ತನಗೇನಾಗಿದೆ ಎಂದು ಎಷ್ಟೋ ಸಲ ತಿಳಿಯುವುದಿಲ್ಲ, ತಿಳಿದರೂ ಹೇಳಲು ಮಾತಿರುವುದಿಲ್ಲ. ಗುರುತಿಸಬೇಕಾದವರು ಪಕ್ಕದಲ್ಲಿರುವವರು. ಹಾಗಾಗಿ ನಾನು ನನ್ನ ಮನೆಯವರಿಗೆ ಹೇಳಿಕೊಟ್ಟದ್ದು ಇದು:

ನಗಿಸಿ. ಕೈ ಎತ್ತಿಸಿ. ಮಾತಾಡಿಸಿ. ಗಡಿಯಾರ ನೋಡಿ, ಹೊರಡಿ.

ನಗುವಾಗ ಬಾಯಿ ಒಂದು ಕಡೆ ಜೋಲುತ್ತದೆಯೇ? ಎರಡೂ ಕೈ ಎತ್ತಿ ಹಿಡಿದರೆ ಒಂದು ಕೆಳಗೆ ಬರುತ್ತದೆಯೇ? ಒಂದು ಸರಳ ವಾಕ್ಯ ಹೇಳಿಸಿದರೆ ತೊದಲುತ್ತದೆಯೇ? ಒಂದಕ್ಕೆ ಹೌದು ಎಂದರೂ ಸಾಕು. ಇದ್ದಕ್ಕಿದ್ದಂತೆ ಕಣ್ಣು ಮಂಜಾದರೆ, ನಡೆಯುವಾಗ ಓಲಾಡಿದರೆ, ಹಿಂದೆಂದೂ ಬಾರದಂಥ ತಲೆನೋವು ಬಂದರೆ ಅದೂ ಸಾಕು. ಹತ್ತು ನಿಮಿಷದಲ್ಲಿ ಎಲ್ಲ ಸರಿಹೋದರೂ ಹೋಗಲೇಬೇಕು, ಅದು ಮುಂದಿನ ಸ್ಟ್ರೋಕಿನ ಮುನ್ಸೂಚನೆ. ಕೊನೆಯ ಬಾರಿ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಎಂದು ಬರೆದುಕೊಳ್ಳಿ, ವೈದ್ಯರು ಮೊದಲು ಕೇಳುವುದು ಅದನ್ನೇ. ನೀರು, ಊಟ, ಮಾತ್ರೆ ಏನೂ ಬಾಯಿಗೆ ಹಾಕಬೇಡಿ. ಮನೆಯಲ್ಲಿರುವ ಆಸ್ಪಿರಿನ್ ಕೂಡ ಬೇಡ. ಹತ್ತಿರದ ಕ್ಲಿನಿಕ್ಕಿಗಲ್ಲ, ಹಗಲು ರಾತ್ರಿ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಿ. ಅದು ಯಾವುದೆಂದು ಇವತ್ತೇ ವಿಚಾರಿಸಿಡಿ. ಆಂಬುಲೆನ್ಸಿಗೆ ಮುಂಬೈ, ಪುಣೆ, ಚೆನ್ನೈ, ಹೈದರಾಬಾದಿನಲ್ಲಿ 108, ದೆಹಲಿಯಲ್ಲಿ 102, ಎಲ್ಲೆಡೆ 112.

ಯಾವ ಭಾಷೆಯ ಮಾತು ಮರಳುತ್ತದೆ

ಹೊರನಾಡಿನ ನಮಗೆ ಇನ್ನೊಂದು ವಿಷಯವಿದೆ. ದೊಡ್ಡಪ್ಪ ಬದುಕಿದರು, ಆದರೆ ಮಾತು ಹೋಯಿತು. ಹೋಟೆಲ್ಲಿನಲ್ಲಿ ಮರಾಠಿ, ಹಿಂದಿ, ಹುಡುಗರೊಂದಿಗೆ ತುಳು, ಮನೆಯಲ್ಲಿ ಕುಂದಾಪುರ ಕನ್ನಡ ಆಡುತ್ತಿದ್ದವರು ಅವರು. ತಿಂಗಳ ನಂತರ ಮೊದಲು ಮರಳಿದ್ದು ಕುಂದಾಪುರ ಕನ್ನಡ. ಅದೂ ಒಂಟಿ ಪದಗಳು. ಅವರಿಗೆ ಮಾತಿನ ಚಿಕಿತ್ಸೆ ನಡೆಯುತ್ತಿದ್ದದ್ದು ಹಿಂದಿಯಲ್ಲಿ. ತಾಳ್ಮೆಯ, ಒಳ್ಳೆಯ ಹುಡುಗಿ ಒಂದೊಂದೇ ಚಿತ್ರ ತೋರಿಸಿ ಹೆಸರು ಕೇಳುತ್ತಿದ್ದಳು. ಬದನೆಯ ಚಿತ್ರಕ್ಕೆ ದೊಡ್ಡಪ್ಪ ಬಹಳ ಹೊತ್ತು ತಡಕಾಡಿ ‘ಗುಳ್ಳ’ ಎಂದರು. ಅವಳು ತಪ್ಪು ಎಂದು ಗುರುತು ಹಾಕಿದಳು. ದೊಡ್ಡಮ್ಮ ಅದು ಸರಿ ಎಂದು ವಿವರಿಸುವ ಹೊತ್ತಿಗೆ ಮುಂದಿನ ಚಿತ್ರ ಬಂದಿತ್ತು. ನಮ್ಮ ಕಡೆ ದುಂಡು ಹಸಿರು ಬದನೆಗೆ ಗುಳ್ಳ ಎನ್ನುತ್ತಾರೆಂದು ಅವಳಿಗೆ ಹೇಗೆ ತಿಳಿಯಬೇಕು?

ಸ್ಟ್ರೋಕಿನ ನಂತರ ಬಹುಭಾಷಿಕರಿಗೆ ಯಾವ ಭಾಷೆ ಮೊದಲು ಮರಳುತ್ತದೆ ಎಂಬುದು ಹಳೆಯ ಪ್ರಶ್ನೆ. ಮೊದಲು ಕಲಿತದ್ದು ಉಳಿಯುತ್ತದೆ ಎಂದರು ಫ್ರಾನ್ಸಿನ ರಿಬೋ. ಹೆಚ್ಚು ಬಳಸಿದ್ದು ಮರಳುತ್ತದೆ ಎಂದರು ಅದೇ ದೇಶದ ಪಿತ್ರ್. 19ನೇ ಶತಮಾನದ ಕೊನೆಯಿಂದಲೂ ಈ ವಾದ ಮುಗಿದಿಲ್ಲ. ಎಂಎ ಓದುವಾಗ ನಾನಿದನ್ನು ಪರೀಕ್ಷೆಗೆ ಬರೆದು ಅಂಕ ಗಳಿಸಿದ್ದೆ. ಹೈದರಾಬಾದಿನಲ್ಲಿ 608 ಸ್ಟ್ರೋಕ್ ರೋಗಿಗಳ ಮೇಲೆ ಸುವರ್ಣ ಅಲ್ಲಾಡಿ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಲ್ಲಿ ಶೇ 40.5 ಜನರ ಬುದ್ಧಿಶಕ್ತಿ ಕುಂದದೆ ಉಳಿದಿತ್ತು. ಒಂದೇ ಭಾಷೆಯವರಲ್ಲಿ ಶೇ 19.6 ಮಾತ್ರ. ಆದರೆ ಮಾತು ಹೋಗುವ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಲವು ಭಾಷೆ ಬಲ್ಲ ನಮ್ಮ ಹಿರಿಯರ ತಲೆಗೆ ಅದೊಂದು ಆಸ್ತಿ. ಮಾತನ್ನು ಮಾತ್ರ ಅದು ಕಾಯುವುದಿಲ್ಲ.

ಹಾಗಾದರೆ ಅವರಿಗೆ ಮರಳುತ್ತಿರುವ ಭಾಷೆಯಲ್ಲೇ ಚಿಕಿತ್ಸೆ ಸಿಗಬೇಕು. ಇದಕ್ಕೆ ಬೇಕಾದ ಸಾಮಗ್ರಿ ಇಲ್ಲವೆಂದಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದ ಪರೀಕ್ಷೆಗಳನ್ನು ರೂಪಿಸಿದ್ದಾರೆ, ಕನ್ನಡ ಬಲ್ಲ ಚಿಕಿತ್ಸಕರಿದ್ದಾರೆ. ಕೋವಿಡ್ ಕಾಲ ನಮಗೆ ಕೊಟ್ಟ ಒಂದು ಒಳ್ಳೆಯ ಅಭ್ಯಾಸವೆಂದರೆ ವೀಡಿಯೊ ಕರೆಯಲ್ಲಿ ವೈದ್ಯರನ್ನು ಕಾಣುವುದು. ಆಮೇಲೆ ನಾವು ಮಾಡಿದ್ದೂ ಅದನ್ನೇ. ಕರ್ನಾಟಕದಲ್ಲಿರುವ ಕನ್ನಡದ ಚಿಕಿತ್ಸಕಿಯೊಬ್ಬರು ವಾರಕ್ಕೆ ಎರಡು ದಿನ ಫೋನಿನ ಪರದೆಯಲ್ಲಿ ದೊಡ್ಡಪ್ಪನನ್ನು ಮಾತಾಡಿಸಿದರು. ಇದನ್ನು ನಾವು ಆರು ತಿಂಗಳು ತಡವಾಗಿ ಕಂಡುಕೊಂಡೆವು. ನೀವು ತಡ ಮಾಡಬೇಡಿ. ನಿಮ್ಮೂರಿನ ಕನ್ನಡ ಸಂಘ ಒಂದು ಯಕ್ಷಗಾನ, ಒಂದು ರಾಜ್ಯೋತ್ಸವದ ಜೊತೆಗೆ ಈ ಕೆಲಸವನ್ನೂ ಹಚ್ಚಿಕೊಳ್ಳಲಿ: ರಾತ್ರಿಯೂ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗಳ ಪಟ್ಟಿ, ಕನ್ನಡ ಬಲ್ಲ ಮಾತಿನ ಚಿಕಿತ್ಸಕರ ಪಟ್ಟಿ, ಆ ನಾಲ್ಕು ಸಾಲಿನ ಸೂತ್ರ. ಒಂದು ಹಾಳೆ ಸಾಕು.

ಆಸ್ಪತ್ರೆಗಳಿಗೂ ಒಂದು ಮಾತು. ಕೋವಿಡ್ ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ, ಸೋಂಕಿನ ಅನುಮಾನವಿರುವ ಸ್ಟ್ರೋಕ್ ರೋಗಿಗಳನ್ನು ರಕ್ಷಣಾ ಉಡುಪು ತೊಟ್ಟು ನೇರ ಸ್ಕ್ಯಾನಿಗೆ ಒಯ್ಯುವ ಕ್ರಮವನ್ನು ಕೆನಡಾದ ವೈದ್ಯರು 2020ರಲ್ಲೇ ಬರೆದು ಪ್ರಕಟಿಸಿದ್ದರು. ಮುಂದಿನ ಸಾಂಕ್ರಾಮಿಕ ಬಂದಾಗ ಬಾಗಿಲಲ್ಲಿ ಚರ್ಚೆ ನಡೆಯಬಾರದು. ಚರ್ಚೆ ಈಗ ನಡೆದು, ಉತ್ತರ ಗೋಡೆಯ ಮೇಲಿರಬೇಕು.

ದೊಡ್ಡಪ್ಪ ಈಗ ಕೋಲು ಹಿಡಿದು ನಡೆಯುತ್ತಾರೆ. ಬಲಗೈ ಪೂರ್ತಿ ಬಂದಿಲ್ಲ. ಕನ್ನಡದಲ್ಲಿ ಸಣ್ಣ ವಾಕ್ಯ ಆಡುತ್ತಾರೆ, ಮರಾಠಿ ಅರ್ಥವಾಗುತ್ತದೆ, ಹಿಂದಿಗೆ ತಲೆಯಾಡಿಸುತ್ತಾರೆ. ಹೋದ ವರ್ಷ ನನಗೆ ಮತ್ತೊಂದು ಆರೋಗ್ಯದ ಕರಪತ್ರ ಬಂತು, ಡೆಂಗಿಯದ್ದು. ಅದರಲ್ಲೂ ಆ ಸಾಲಿನ ಅಣ್ಣನಂಥ ಒಂದು ಸಾಲಿತ್ತು. ಈ ಸಲ ಅನುವಾದ ಮಾಡುವ ಮೊದಲು ಕಳಿಸಿದವರಿಗೆ ಬರೆದೆ: ಯಾವ ಲಕ್ಷಣ ಕಂಡರೆ ಹೋಗಲೇಬೇಕು ಎಂದು ಇದರ ಕೆಳಗೆ ಹಾಕೋಣವೇ? ಅವರು ಒಪ್ಪಿದರು. ಆ ಸಾಲುಗಳನ್ನು ದೊಡ್ಡಮ್ಮನಿಗೆ ಫೋನಿನಲ್ಲಿ ಓದಿ ಹೇಳಿ, ಅವರಿಗೆ ಅರ್ಥವಾದ ಮೇಲೆಯೇ ಕಳಿಸಿದೆ.